ಗುರುತು ಹೇಳಿ ತಗೊಂಡು ಹೋಗಿ

ಕುರಿ ಕಾಯುವ ನಮ್ಮವರಲ್ಲಿ ಒಂದು ಕಟ್ಟಳೆ ಇದೆ. ಬೇರೆಯವರ ಕುರಿ ತಪ್ಪಿಸಿಕೊಂಡು ಬಂದು ನಮ್ಮ ಮಂದೆಗೆ ಸೇರಿದರೆ ಅದನ್ನು ಓಡಿಸಬಾರದು, ಮಾರಬಾರದು, ಅದರ ಉಣ್ಣೆ ಕತ್ತರಿಸಬಾರದು. ನಮ್ಮ ಕುರಿಗಳ ಜೊತೆಗೇ ಮೇಯಿಸಿಕೊಂಡಿರಬೇಕು. ಕಳೆದುಕೊಂಡವರು ಹುಡುಕಿಕೊಂಡು ಬಂದಾಗ ಕುರಿಯನ್ನು ತೋರಿಸುವ ಮೊದಲು ‘ಗುರುತು ಹೇಳಿ’ ಅನ್ನಬೇಕು. ಯಾವ ಕಿವಿ ಸೀಳಿದೆ, ಯಾವ ಕಾಲಿನಲ್ಲಿ ಮಚ್ಚೆ ಇದೆ, ಎಲ್ಲಿ ತಪ್ಪಿಸಿಕೊಂಡಿತು, ಆಗ ನೀವು ಎಲ್ಲಿದ್ದಿರಿ. ಇಷ್ಟು ಸರಿಯಾಗಿ ಹೇಳಿದರೆ ಹಗ್ಗ ಅವರ ಕೈಗೆ. ಹೇಳದಿದ್ದರೆ ಊರ ಗೌಡ ಬಂದು ಕೇಳಿದರೂ ಇಲ್ಲ. ಸಾಕಿದ್ದಕ್ಕೆ ಏನನ್ನೂ ಕೇಳುವಂತಿಲ್ಲ.

ಈ ಕಟ್ಟಳೆಯನ್ನು ನಾನು ಒಂದು ಸಲ ಕುರಿಯಲ್ಲದ ವಸ್ತುವಿಗೆ ಹಿಡಿದೆ.

ನಮ್ಮದು ತೊಗರ್ಸಿ. ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ನಾವು ಸೊರಬದ ಸೀಮೆಗೆ ಕುರಿ ಹೊಡೆದುಕೊಂಡು ಹೋಗುತ್ತೇವೆ. ಗದ್ದೆಯವರು ಗೊಬ್ಬರವಾಗಲಿ ಅಂತ ನಮ್ಮ ಮಂದೆಯನ್ನು ಎರಡೋ ಮೂರೋ ದಿನ ತಮ್ಮ ಗದ್ದೆಯಲ್ಲಿ ನಿಲ್ಲಿಸಿಕೊಂಡು, ಹೋಗುವಾಗ ಭತ್ತ ಅಳೆದು ಕೊಡುತ್ತಾರೆ. ಒಂದು ಗದ್ದೆ ಆದ ಮೇಲೆ ಇನ್ನೊಂದು. ಯುಗಾದಿಯ ಹೊತ್ತಿಗೆ ಊರಿಗೆ ವಾಪಸು. ಮದುವೆಯಾದ ವರ್ಷದಿಂದ ನಾನು ನಮ್ಮ ಯಜಮಾನರ ಹಿಂದೆ ಹೀಗೇ ನಡೆದಿದ್ದೇನೆ. ಮುಂದೆ ಅವರು, ನಡುವೆ ಕುರಿ, ಹಿಂದೆ ನಾನು ಮತ್ತು ಅಡುಗೆ ಸಾಮಾನಿನ ಹೊರೆ.

ತೊಂಬತ್ತೊಂಬತ್ತನೇ ಇಸವಿ, ಡಿಸೆಂಬರ್ ತಿಂಗಳು. ಕುಪ್ಪಗಡ್ಡೆಯ ಒಂದು ಗದ್ದೆಯಲ್ಲಿ ಮೂರು ದಿನ ಮುಗಿದಿತ್ತು. ಮುಂದಿನದು ಹೊಸಬಾಳೆ ಕಡೆ. ನಮ್ಮ ಮೈದುನನ ಮಗ ಯತೀಶ ರಾತ್ರಿ ಕುರಿ ಕೂಡುವ ಬಲೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಮೊದಲೇ ಹೋಗಿದ್ದ. ಬೆಳಕು ಹರಿಯುತ್ತಿದ್ದಂತೆ ಯಜಮಾನರು ಕುರಿ ಎಬ್ಬಿಸಿದರು. ನಾನು ಪಾತ್ರೆ ತೊಳೆದು, ಭತ್ತ ಕಟ್ಟಿಸಿಕೊಂಡು ಬರುತ್ತೇನೆ ಅಂದೆ. ಅವರು ನಾಯಿಗೆ ಶಿಳ್ಳೆ ಹಾಕಿ ಹೋದರು. ಹೋಗುವಾಗ ನನ್ನ ಮುಖ ನೋಡಿದರೋ ಇಲ್ಲವೋ, ನಾನು ಗಮನಿಸಿಲ್ಲ. ದಿನಾ ಹೋಗುವವರನ್ನು ಯಾರು ನಿಂತು ನೋಡುತ್ತಾರೆ.

ಹೊರೆ ಹೊತ್ತು ಹೊರಟವಳಿಗೆ ದಾರಿಯಲ್ಲಿ ಮೊಣಕಾಲು ಹಿಡಿಯಿತು. ಆ ವರ್ಷದ ಮಳೆಗಾಲದಿಂದಲೇ ಶುರುವಾಗಿದ್ದ ನೋವು. ರಸ್ತೆಗೆ ಅಡ್ಡವಾಗಿ ಒಂದು ಮೋರಿ ಇತ್ತು, ಅದಕ್ಕೆ ಕೂರುವಷ್ಟು ಎತ್ತರದ ಕಟ್ಟೆ. ಹೊರೆ ಇಳಿಸಿ ಕೂತೆ. ಎಲೆ ಅಡಿಕೆ ಚೀಲ ಬಿಚ್ಚಿದೆ. ಮಂಜು ಕರಗುತ್ತಿತ್ತು. ಬಿಸಿಲು ಬೆನ್ನಿಗೆ ಹಿತವಾಗಿ ಬಿದ್ದಿತ್ತು. ಮುಂದೆ ರಸ್ತೆ ಒಂದು ದಿಬ್ಬವನ್ನು ಸುತ್ತಿಕೊಂಡು ತಿರುಗುತ್ತದೆ, ಆಚೆಗೆ ಏನೂ ಕಾಣುವುದಿಲ್ಲ. ಆ ಕಡೆಯಿಂದ ನಮ್ಮ ನಾಯಿ ಬೊಗಳುವುದು ಕೇಳಿಸಿತು. ಯಾರೋ ದಾರಿಹೋಕರಿರಬೇಕು ಅಂದುಕೊಂಡೆ. ಇನ್ನೊಂದು ಎಲೆಗೆ ಸುಣ್ಣ ಹಚ್ಚಿದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ತಿರುವು ದಾಟಿದಾಗ ಮೊದಲು ಕಂಡದ್ದು ಕುರಿಗಳು. ನಾಲ್ಕು ರಸ್ತೆಯ ಮೇಲೆ ಬಿದ್ದಿದ್ದವು, ಉಳಿದವು ಗದ್ದೆ, ಪೊದೆ ಅಂತ ಚೆಲ್ಲಾಪಿಲ್ಲಿ. ನಮ್ಮ ಯಜಮಾನರು ರಸ್ತೆಯ ಪಕ್ಕದ ಹುಲ್ಲಿನ ಮೇಲೆ ಮಲಗಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಉಸಿರು ಇರಲಿಲ್ಲ. ಹೊಟ್ಟೆಯ ಒಳಗೆ ಪೆಟ್ಟಾಗಿತ್ತು ಅಂತ ಆಮೇಲೆ ಆಸ್ಪತ್ರೆಯವರು ಹೇಳಿದರು.

ನಾನು ಅತ್ತೆನೋ ಕೂಗಿದೆನೋ ನೆನಪಿಲ್ಲ. ಎರಡು ವಿಷಯ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿವೆ. ಅವರ ತಲೆಯ ಕೆಳಗೆ ಒಂದು ಬಿಳಿ ಟವೆಲ್ಲು ಇತ್ತು, ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ಮೂಲೆಯಲ್ಲಿ ಹಸಿರು ದಾರದಿಂದ ಒಂದು ಹೂವು ಕಸೂತಿ ಮಾಡಿತ್ತು. ಅದು ನಮ್ಮದಲ್ಲ. ಇನ್ನೊಂದು, ಅವರ ಗಡ್ಡ ಒದ್ದೆಯಾಗಿತ್ತು. ಯಾರೋ ನೀರು ಕುಡಿಸಿದ್ದರು.

ಪೊಲೀಸರು ಬಂದು ಹೆಸರು ಕೇಳಿದಾಗ ನನ್ನ ಬಾಯಿಗೆ ಬರಲಿಲ್ಲ. ನಲವತ್ತು ವರ್ಷ ಹೇಳದ ಹೆಸರು ಆ ಹೊತ್ತಿನಲ್ಲಿ ಎಲ್ಲಿಂದ ಬರಬೇಕು. ಯತೀಶ ಮುಂದೆ ಬಂದು ‘ಕರಿಯಣ್ಣ ಸಾರ್’ ಅಂದ. ಯಾವುದೋ ಗಾಡಿ ಗುದ್ದಿ ಹೋಗಿದೆ ಅಂತ ಬರೆದುಕೊಂಡರು. ಟವೆಲ್ಲಿನ ವಿಷಯ ಯಾರೂ ಕೇಳಲಿಲ್ಲ. ನನ್ನ ಸೆರಗಿನೊಳಗೆ ಇತ್ತು, ನಾನೂ ಹೇಳಲಿಲ್ಲ.

ತೊಗರ್ಸಿಗೆ ಒಯ್ದು ಮಣ್ಣು ಮಾಡಿದೆವು. ಬಂದ ನೆಂಟರೆಲ್ಲ ಗಾಡಿಯವನನ್ನು ಬೈದರು, ಅವನು ಉದ್ಧಾರ ಆಗಲ್ಲ ಅಂದರು. ನನಗೆ ಬೈಯುವುದಕ್ಕೂ ಮನಸ್ಸು ಬರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನೀರು ಕುಡಿಸಿದ್ದಾರೆ ಅಂದ ಮೇಲೆ ಅವರಿಗೆ ಆಗ ಜೀವ ಇತ್ತು. ಜೀವ ಇದ್ದ ಮೇಲೆ ಏನೋ ಒಂದು ಮಾತಾಡಿರಬೇಕು. ಅದು ಏನು? ನಲವತ್ತು ವರ್ಷ ಅವರ ಮಾತು ಕೇಳಿದವಳು ನಾನು, ಕಡೆಯ ಮಾತು ಯಾರದೋ ಕಿವಿಗೆ ಬಿತ್ತು. ಆ ಕಿವಿಯವರು ಯಾರು ಅಂತ ತಿಳಿಯಬೇಕಿತ್ತು. ಬೇರೇನೂ ಬೇಡವಾಗಿತ್ತು.

ಹಾಲು ತುಪ್ಪ ಬಿಟ್ಟು ಮುಗಿಸಿ ಐದನೇ ದಿನಕ್ಕೆ ಸೊರಬಕ್ಕೆ ತಿರುಗಿ ಬಂದೆ. ಊರವರು ಆಡಿಕೊಂಡರು. ಏನು ಮಾಡುವುದು, ಕುರಿಗೆ ಸೂತಕ ಗೊತ್ತಾಗುತ್ತದೆಯೇ. ಯತೀಶ ಒಬ್ಬನೇ ಇದ್ದ. ಎಣಿಸಿದರೆ ಸತ್ತ ನಾಲ್ಕನ್ನು ಬಿಟ್ಟು ಇನ್ನೊಂದು ಇಲ್ಲ. ಕೆಂಚಿ ಅಂತ ಕರೆಯುತ್ತಿದ್ದ ಕಂದು ಬಣ್ಣದ ಕುರಿ, ತುಂಬು ಗಬ್ಬ. ಅದನ್ನು ಹುಡುಕಿಕೊಂಡು ಆ ತಿರುವಿನ ಹತ್ತಿರ ಹೋದೆ. ರಸ್ತೆ ನೋಡಲಿಕ್ಕೆ ಆಗಲಿಲ್ಲ, ದಿಬ್ಬ ಹತ್ತಿದೆ. ಮೇಲೆ ಕವಳಿ ಗಿಡದ ಬುಡದಲ್ಲಿ ಏನೋ ಕಪ್ಪಗೆ ಹೊಳೆಯಿತು.

ಕೈಗೆ ತೆಗೆದುಕೊಂಡರೆ ತೊಗಲಿನ ಚೀಲ, ಅದರೊಳಗೆ ಬಿಲ್ಲೆ ಬಿಲ್ಲೆಯಾಗಿ ಅಂಕಿ ಇರುವ ಒಂದು ಪೆಟ್ಟಿಗೆ. ಹಿಂಬದಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಿದ್ದರು, ಒಣಗಿ ಅಂಟಿಕೊಂಡಿತ್ತು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ತಕ್ಕಡಿ, ಲೆಕ್ಕದ ಪುಸ್ತಕಗಳ ಜೊತೆ ಇಟ್ಟಿದ್ದರೋ ಏನೋ. ಪೂಜೆ ಮಾಡಿದ ವಸ್ತು. ಹಾಗಾದರೆ ಅಕ್ಕರೆಯದು.

ಯತೀಶ ನೋಡಿದವನೇ ಅಂದ, “ಸೆಲ್ ಫೋನು ದೊಡ್ಡವ್ವ. ಪ್ಯಾಟೇಲಿ ಮಾತ್ರ ಮಾತಾಡತ್ತೆ. ಸೊರಬಕ್ಕೆ ಬಂದ್ರೆ ಸೋಪಿನ ಡಬ್ಬಿ.”

ಚೀಲದಲ್ಲಿ ಮಡಿಸಿದ ಚೀಟಿ ಇತ್ತು. ನನಗೆ ಅಕ್ಷರ ಬಂದದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಒತ್ತಕ್ಷರ ಬಂದರೆ ನಿಂತು ನಿಂತು ಓದುತ್ತೇನೆ. ಮೇಲೆ ಅಚ್ಚಾಗಿದ್ದದ್ದು ‘ಬೆನಕಪ್ಪ ಅಂಡ್ ಸನ್ಸ್, ಮೆಕ್ಕೆಜೋಳ ಮತ್ತು ಶುಂಠಿ ವ್ಯಾಪಾರಿಗಳು, ಶಿಕಾರಿಪುರ’. ಕೆಳಗೆ ಪೆನ್ನಿನಲ್ಲಿ ಮನೆ, ಅಂಗಡಿ, ಗೋದಾಮು ಅಂತ ಬರೆದು ನಂಬರುಗಳು.

ಸೊರಬದಲ್ಲಿ ಎಸ್‌ಟಿಡಿ ಬೂತಿನ ಲೋಕಪ್ಪನ ಹತ್ತಿರ ಹೋದೆವು. ಅವನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ದುಡ್ಡು ಕೊಟ್ಟು ಶಿಕಾರಿಪುರದವರು ಇದನ್ನ ಯಾಕೆ ಇಟ್ಕೊಂಡಿದಾರೋ, ಜೇಬಿಗೆ ಶೋಕಿ ಅಷ್ಟೇ, ಇದರಲ್ಲಿ ಮಾತಾಡೋದೇ ಆದ್ರೆ ನನ್ನ ಬೂತು ಯಾವತ್ತೋ ಮುಚ್ತಿತ್ತು ಅಂತ ನಕ್ಕ. ಆಮೇಲೆ ನಮ್ಮ ಸುದ್ದಿ ನೆನಪಾಗಿ ನಗು ನಿಲ್ಲಿಸಿ ಮನೆಯ ನಂಬರು ತಿರುಗಿಸಿದ. ಆ ಕಡೆ ಒಬ್ಬ ಹೆಂಗಸು. ಹೌದು, ನಮ್ಮ ಗುರುಪ್ರಕಾಶನದೇ, ಮೊನ್ನೆ ಶಿವಮೊಗ್ಗದಾಗ ಕಳ್ಕೊಂಡು ಬಂದಾನ, ನಿಮಗೆಲ್ಲಿ ಸಿಕ್ತರೀ ಅಂತ ಕೇಳಿದಳಂತೆ.

ಶಿವಮೊಗ್ಗದಲ್ಲಿ ಕಳೆದದ್ದು ಕುಪ್ಪಗಡ್ಡೆಯ ದಿಬ್ಬದ ಮೇಲೆ ಹೇಗೆ ಬಂತು? ಲೋಕಪ್ಪ ಬಾಯಿ ತೆರೆಯುವ ಮೊದಲೇ ನಾನು ಕೈ ಅಡ್ಡ ಮಾಡಿದೆ. ‘ತಂದು ಕೊಡ್ತಾರೆ’ ಅಂತ ಹೇಳಿ ಇಡು ಅಂದೆ.

ಹೊರಗೆ ಬಂದ ಮೇಲೆ ಯತೀಶ ಕುದಿಯುತ್ತಿದ್ದ. ಅವನೇ ಗುದ್ದಿದ್ದು ದೊಡ್ಡವ್ವ, ಇದನ್ನ ಸೀದಾ ಸ್ಟೇಷನ್ನಿಗೆ ಕೊಡಣ, ಅವರೇ ಬಾಯಿ ಬಿಡಿಸ್ತಾರೆ ಅಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಸ್ಟೇಷನ್ನಿನಲ್ಲಿ ಬಿಡುವ ಬಾಯಿ ಸ್ಟೇಷನ್ನಿಗೆ ಬೇಕಾದದ್ದನ್ನೇ ಹೇಳುತ್ತದೆ. ವಕೀಲರು ಬಂದು ಏನೂ ಹೇಳಬೇಡ ಅಂದರೆ ಅದೂ ಇಲ್ಲ. ನನಗೆ ಬೇಕಾದ ಮಾತು ಯಾವ ಕಾಗದದಲ್ಲೂ ಬರುವಂಥದಲ್ಲ.

ನಾನು ಹೇಳಿದೆ, “ಇದು ತಪ್ಪಿಸಿಕೊಂಡು ಬಂದ ಕುರಿ ಕಣೋ. ಮೊದಲು ಗುರುತು ಕೇಳ್ತೀನಿ. ಆಮೇಲೆ ಉಳಿದದ್ದು.”

ಫೋನನ್ನು ಆ ಬಿಳಿ ಟವೆಲ್ಲಿನಲ್ಲೇ ಸುತ್ತಿಕೊಂಡು ಬಸ್ಸು ಹತ್ತಿದೆ. ಟವೆಲ್ಲನ್ನು ಎರಡು ಸಲ ಒಗೆದಿದ್ದೆ. ಶಿಕಾರಿಪುರದಲ್ಲಿ ಕೇಳಿದವರೆಲ್ಲ ಬೆನಕಪ್ಪನವರ ಅಂಗಡಿ ತೋರಿಸಿದರು. ಮುಂದೆ ಜೋಳದ ಚೀಲಗಳು, ಶುಂಠಿಯ ಘಾಟು, ಹಿಂದೆ ಮನೆ. ಫೋನಿನಲ್ಲಿ ಮಾತಾಡಿದ ಹೆಂಗಸು ಅಕ್ಕನಾಗಮ್ಮ, ಹುಡುಗನ ತಾಯಿ. ನನಗಿಂತ ಹತ್ತು ವರ್ಷ ಸಣ್ಣವರಿರಬೇಕು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಹಣೆಯಲ್ಲಿ ವಿಭೂತಿ. ಹೂವಮ್ಮ ಅಂತ ನನ್ನ ಹೆಸರು ಹೇಳಿದೆ. ಬಾಗಿಲಲ್ಲಿ ನಿಲ್ಲಿಸಲಿಲ್ಲ. ಒಳಗೆ ಚಾಪೆ ಹಾಕಿ, ಮಂಡಕ್ಕಿ ಮತ್ತು ಚಾ ತಂದಿಟ್ಟು, ಅಷ್ಟು ದೂರದಿಂದ ಇದಕ್ಕಾಗಿ ಬಂದ್ಯಲ್ಲ ತಾಯಿ, ಈಗಿನ ಕಾಲದಾಗ ಯಾರು ಬರ್ತಾರ ಅಂದರು. ನನ್ನ ಹಣೆ ಬರಿದಾಗಿದ್ದದ್ದನ್ನು ನೋಡಿ ಯಾವಾಗ ಅಂತ ಕೇಳಿದರು. ಹನ್ನೆರಡು ದಿನ ಆಯಿತು ಅಂದೆ. ಹೇಗೆ ಅಂತ ಅವರು ಕೇಳುವಷ್ಟರಲ್ಲಿ ನಾನು ಗಂಟು ಬಿಚ್ಚಿದ್ದೆ.

ಅವರು ಫೋನನ್ನು ನೋಡಲಿಲ್ಲ. ಟವೆಲ್ಲು ನೋಡಿದರು. ಮೂಲೆಯ ಹಸಿರು ಹೂವಿನ ಮೇಲೆ ಹೆಬ್ಬೆರಳು ಆಡಿಸಿದರು. ಕೈ ಅಲ್ಲೇ ನಿಂತಿತು. ಯಾರ ಕಸೂತಿ ಅದು ಅಂತ ನಾನು ಕೇಳಬೇಕಾಗಿರಲಿಲ್ಲ. ಗೋಡೆಯ ಮೇಲಿನ ಬಸವಣ್ಣನ ಪಟದ ಕೆಳಗೆ ಹಾಸಿದ್ದ ವಸ್ತ್ರದಲ್ಲೂ ಅದೇ ಹೂವು ಇತ್ತು.

ಅಷ್ಟರಲ್ಲಿ ಮಗ ಬಂದ. ಇಪ್ಪತ್ತೈದರ ಹುಡುಗ, ಮುಖದಲ್ಲಿ ಇನ್ನೂ ಎಳೆತನ. ಫೋನು ನೋಡಿದ, ನನ್ನನ್ನು ನೋಡಿದ, ಬಾಗಿಲ ಚೌಕಟ್ಟು ಹಿಡಿದು ನಿಂತ. ನಾನು ನಮ್ಮ ಕಟ್ಟಳೆ ಹೇಳಿದೆ. ನಾವು ಕುರಿಯವರಪ್ಪ, ಗುರುತು ಕೇಳದೆ ಏನನ್ನೂ ವಾಪಸು ಕೊಡುವ ರೂಢಿ ಇಲ್ಲ, ಬೇಜಾರು ಮಾಡ್ಕೋಬೇಡ ಅಂದೆ.

“ಎಲ್ಲಿ ಕಳೀತಪ್ಪ ಇದು?”

“ಶಿವಮೊಗ್ಗದಾಗ,” ಅಂದ.

“ನಂಗೆ ಸಿಕ್ಕಿದ್ದು ಶಿವಮೊಗ್ಗದಲ್ಲಲ್ಲ.”

ಯಾರೋ ಕದ್ದವರು ತಂದು ಒಗೆದಿರಬೇಕು ಅಂದ. ಎಲ್ಲಿ ಸಿಕ್ತು ಅಂತ ಮಾತ್ರ ಕೇಳಲಿಲ್ಲ. ಕಳೆದುಕೊಂಡವನು ಮೊದಲು ಕೇಳುವುದೇ ಅದನ್ನು. ಆಮೇಲೆ ಒಂದೇ ಉಸಿರಿಗೆ, ನೀವೇ ಇಟ್ಕೊಳ್ರೀ ಅಜ್ಜಿ, ಯಾರಿಗಾದ್ರೂ ಮಾರ್ಕೊಳ್ರೀ, ನಾನು ಬೇರೆ ತಗೋತೀನಿ ಅಂದ.

“ಬೇರೆಯವರ ಕುರಿ ನಮ್ಮ ಹಟ್ಟೀಲಿ ದಕ್ಕಲ್ಲಪ್ಪ,” ಅಂದೆ. “ಗುರುತು ತಪ್ಪಿದೆ, ಈಗ ಕೊಡೋಕೆ ಬರಲ್ಲ. ನಾನು ಹೊಸಬಾಳೆ ಕಡೆ ಗದ್ದೇಲಿ ಇರ್ತೀನಿ. ನೆನಪಾದಾಗ ಬಾ.”

ಗಂಟು ಕಟ್ಟಲು ಟವೆಲ್ಲು ಎಳೆದುಕೊಂಡರೆ ಬರಲಿಲ್ಲ. ಅಕ್ಕನಾಗಮ್ಮನವರು ಇನ್ನೂ ತುದಿ ಹಿಡಿದಿದ್ದರು. ನನ್ನ ಮುಖ ನೋಡಿ ಬಿಟ್ಟರು. ಚಾ ಹಾಗೇ ಉಳಿದಿತ್ತು.

ಯತೀಶ ನನ್ನನ್ನು ಬೈದಷ್ಟು ಯಾರೂ ಬೈದಿಲ್ಲ. ಕಳ್ಳನ ಮನೆಗೆ ಹೋಗಿ ಎಚ್ಚರ ಮಾಡಿ ಬಂದೆಯಲ್ಲ, ಈಗ ಗಾಡೀನೂ ಮಾರ್ತಾನೆ, ಊರೂ ಬಿಡ್ತಾನೆ, ನೀನು ಆ ಡಬ್ಬಿ ಇಟ್ಕೊಂಡು ಪೂಜೆ ಮಾಡು ಅಂದ. ಸಂಕ್ರಾಂತಿ ಕಳೆಯಲಿ, ಬರದಿದ್ದರೆ ನೀನು ಹೇಳಿದ ಹಾಗೆ ಮಾಡೋಣ ಅಂದೆ. ಅವನು ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೇ ದಿನ ತಾನೇ ನನ್ನ ಮೊಣಕಾಲಿಗೆ ಎಣ್ಣೆ ಕಾಯಿಸಿ ತಂದ.

ಫೋನನ್ನು ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟಿದ್ದೆ. ದಿನಕ್ಕೊಮ್ಮೆ ಧೂಳು ಒರೆಸುತ್ತಿದ್ದೆ. ವಿಭೂತಿ ಅಳಿಸದ ಹಾಗೆ.

ನಡುವೆ ಕೆಂಚಿ ಸಿಕ್ಕಿತು. ಸಣ್ಣಬೀರಪ್ಪ ಅಂತ ನಮ್ಮವರೇ ಒಬ್ಬರು ಎರಡು ಊರು ಆಚೆ ಮಂದೆ ಬಿಟ್ಟಿದ್ದರು. ಅವರ ಕುರಿಗಳಲ್ಲಿ ಕಂದು ಬಣ್ಣದ ಒಂದು ಕುರಿ ಮರಿ ಹಾಕಿದೆ ಅಂತ ಸುದ್ದಿ ಬಂತು. ಹೋದೆ. ಮೂವತ್ತು ವರ್ಷದಿಂದ ನನ್ನನ್ನು ಬಲ್ಲವರು, ಮಣ್ಣಿಗೆ ಬಂದವರು. ಆದರೂ ಕಟ್ಟಳೆ ಬಿಡಲಿಲ್ಲ. ನೆಲ ನೋಡುತ್ತಾ, ಗುರುತು ಹೇಳವ್ವ ಅಂದರು.

ಎಡಗಿವಿ ಸೀಳು, ಬಾಲದ ತುದಿ ಬಿಳಿ ಅಂದೆ. ಎಲ್ಲಿ ತಪ್ಪಿಸಿಕೊಂಡಿತು? ದಿಬ್ಬದ ತಿರುವಿನಲ್ಲಿ. ನೀನು ಆಗ ಎಲ್ಲಿದ್ದೆ? ಅದೂ ಕೇಳುವ ಕ್ರಮ, ಅವರ ತಪ್ಪಲ್ಲ.

‘ಹಿಂದೆ ಬರ್ತಿದ್ದೆ’ ಅಂದೆ.

ಬರುತ್ತಿರಲಿಲ್ಲ. ಕೂತಿದ್ದೆ. ಕೆಂಚಿಯ ಹಗ್ಗ ಹಿಡಿದು, ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ. ಆ ಹುಡುಗ ಶಿವಮೊಗ್ಗ ಅಂದ. ನಾನು ಬರ್ತಿದ್ದೆ ಅಂದೆ. ಗುರುತು ಹೇಳು ಅಂತ ಎದುರು ನಿಂತು ಕೇಳುವುದು ಸುಲಭ. ಹೇಳುವವರ ಜಾಗದಲ್ಲಿ ನಿಂತ ಮೇಲೆ ಗೊತ್ತಾಯಿತು.

ಸಂಕ್ರಾಂತಿ ಆಗಿ ನಾಲ್ಕನೇ ದಿನ ಅವರು ಬಂದರು. ಬಸ್ಸಿಳಿದು ನಡೆದು ಬಂದಿದ್ದರು, ತಾಯಿ ಮುಂದೆ, ಮಗ ಹಿಂದೆ. ಗಾಡಿ ಯಾಕೆ ತರಲಿಲ್ಲ ಅಂತ ಯತೀಶ ಒರಟಾಗಿ ಕೇಳಿದ. ಅವತ್ತಿನಿಂದ ಅವ ಕಾರು ಮುಟ್ಟಿಲ್ಲಪ್ಪ ಅಂತ ತಾಯಿಯೇ ಹೇಳಿದರು. ಯತೀಶ ಉಗುಳಿ ಕುರಿಗಳ ಕಡೆ ಹೋದ. ದೂರ ಹೋಗಲಿಲ್ಲ.

ಅಕ್ಕನಾಗಮ್ಮನವರು ನನ್ನ ಪಕ್ಕ ಗದ್ದೆಯ ಬದುವಿನ ಮೇಲೆ ಕೂತರು, ಸೀರೆಗೆ ಮಣ್ಣಾಗುವುದನ್ನು ಲೆಕ್ಕಿಸದೆ. ಮೆಲ್ಲಗೆ ಹೇಳಿದರು. ಕಾರಿನ ಮುಂದಿನ ಭಾಗ ಜಜ್ಜಿತ್ತಂತೆ. ಎಮ್ಮೆ ಅಡ್ಡ ಬಂತು ಅಂದಿದ್ದನಂತೆ. ಅವರೂ ನಂಬಿದ್ದರು. ಅವತ್ತು ನೀನು ಗಂಟು ಬಿಚ್ಚೋತನಕ ಎಮ್ಮೇನೇ ಅಂದ್ಕೊಂಡಿದ್ದೆ ಹೂವಮ್ಮ ಅಂದರು. ಒಂದು ತಿಂಗಳು ಮಗನಿಗೆ ಎಡೆ ಬಡಿಸಿದ್ದಾರೆ, ಮಾತಾಡಿಸಿಲ್ಲ. ನಿನ್ನೆ ತಾನಾಗಿ ಬಂದು, ಹೋಗಿ ಹೇಳ್ತೀನವ್ವ ಅಂದನಂತೆ.

ಹುಡುಗ ನಿಂತೇ ಇದ್ದ. ದಿಬ್ಬದ ಹತ್ರ ಹೋಗಣೇನ್ರೀ ಅಜ್ಜಿ, ಅಲ್ಲೇ ಹೇಳ್ತೀನಿ ಅಂದ. ನಾನು ಫೋನು ತೆಗೆದುಕೊಂಡೆ. ಟವೆಲ್ಲು ಸುತ್ತಲಿಲ್ಲ. ಮೂವರೂ ನಡೆದೆವು. ನನ್ನ ಕಾಲಿನ ನಡಿಗೆಗೆ ಅವರಿಬ್ಬರೂ ನಿಂತು ನಿಂತು ಬಂದರು.

ಸೊರಬದ ಕಡೆ ಶುಂಠಿ ನೋಡಲು ಹೊರಟಿದ್ದನಂತೆ ಅವತ್ತು. ತಿರುವಿನಲ್ಲಿ ಮಂಜು ಇತ್ತು, ಕುರಿ ಕಂಡಾಗ ಬ್ರೇಕು ಹಾಕಿದರೂ ನಿಲ್ಲಲಿಲ್ಲ. ಯಜಮಾನರು ಕುರಿಗಳನ್ನು ಪಕ್ಕಕ್ಕೆ ತಳ್ಳಲು ಮುಂದೆ ಬಂದರು. ಇಳಿದು ಓಡಿದ. ರಕ್ತ ಏನೂ ಇರಲಿಲ್ಲ. ಎತ್ತಿ ಪಕ್ಕಕ್ಕೆ ಮಲಗಿಸಿದ, ಟವೆಲ್ಲು ಮಡಿಸಿ ಇಟ್ಟ, ಬಾಟ್ಲಿಯಲ್ಲಿದ್ದ ನೀರು ಕುಡಿಸಿದ. ಆಮೇಲೆ ಜೇಬಿನಿಂದ ಫೋನು ತೆಗೆದ. ತಂದು ಒಂದು ತಿಂಗಳಾಗಿತ್ತು. ಅಪಘಾತ ಗಿಪಘಾತ ಆದ್ರೆ ಕೈಯಾಗ ಫೋನ್ ಇದ್ರೆ ಜೀವ ಉಳೀತಾವ ಅಂತ ಅದನ್ನು ಮಾರಿದವನು ಹೇಳಿದ್ದನಂತೆ. ಇಲ್ಲಿ ಸಿಗ್ನಲ್ ಬರೋದಿಲ್ಲ ಅಂತ ಗೊತ್ತಿತ್ತು. ಆದರೂ ಎತ್ತರಕ್ಕೆ ಹೋದರೆ ಬರತ್ತೆ ಅಂತ ಯಾರೋ ಅಂದದ್ದು ನೆನಪಾಯಿತು. ದಿಬ್ಬ ಹತ್ತಿದ. ಮೇಲೆ ನಿಂತು ಆ ಕಡೆ ಎತ್ತಿದ, ಈ ಕಡೆ ಎತ್ತಿದ. ಒಂದು ಕಡ್ಡಿಯೂ ಬರಲಿಲ್ಲ. ಅಂಬ್ಯುಲೆನ್ಸಿಗೆ ಮಾಡಿದ, ಮನೆಗೆ ಮಾಡಿದ, ಅಂಗಡಿಗೆ ಮಾಡಿದ. ಒತ್ತುತ್ತಲೇ ಇದ್ದ.

ನಾವು ಆಗ ಅದೇ ಕವಳಿ ಗಿಡದ ಹತ್ತಿರ ನಿಂತಿದ್ದೆವು.

“ಎಷ್ಟು ಹೊತ್ತು?” ಅಂದೆ.

“ಗೊತ್ತಿಲ್ರೀ. ಕಾಲು ತಾಸು ಇರಬೋದು.”

“ಕಾರು ಕೆಟ್ಟಿತ್ತೇನಪ್ಪ?”

ಅವನು ನನ್ನನ್ನು ನೋಡಲಿಲ್ಲ. “ಇಲ್ರೀ. ಚಾಲೂನೇ ಇತ್ತು.”

ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಸೊರಬದ ಕಡೆಗೆ ಹೋಯಿತು. ಅದು ತಿರುವು ದಾಟಿ ಕಾಣದಾಗುವ ತನಕ ಮೂವರೂ ನೋಡಿದೆವು. ಅಕ್ಕನಾಗಮ್ಮನವರು ಬಾಯಿಗೆ ಸೆರಗು ಹಿಡಿದರು. ಇದು ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ನನ್ನೊಳಗೆ ಏನೋ ಎದ್ದು ಬಂತು. ಫೋನು ಹಿಡಿದುಕೊಂಡು ದಿಬ್ಬ ಹತ್ತಿದೆಯಲ್ಲ ಮಗನೇ, ಆ ಕಾರಿನಲ್ಲಿ ಅವರನ್ನು ಹಾಕಿಕೊಂಡು ಹೋಗಬೇಕು ಅಂತ ಯಾಕೆ ತೋಚಲಿಲ್ಲ ಅಂತ ಕೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕೈ ಎತ್ತಿ ಹಿಂದೆ ತೋರಿಸಿದ.

“ಆಮೇಲೆ ಯಾರಾದ್ರೂ ಇದಾರೇನು ಅಂತ ಸುತ್ತ ನೋಡ್ದೆ. ಅಲ್ಲಿ ಮೋರಿ ಕಾಣ್ತು. ಕಟ್ಟೆ ಮ್ಯಾಲೆ ಒಬ್ಬರು ಅಜ್ಜಿ ಕೂತಿದ್ರು, ಪಕ್ಕದಾಗ ಹೊರೆ. ಎಲೆ ಹಾಕ್ಕೊಳ್ತಿದ್ರು ಅನ್ಸತ್ತೆ. ಎರಡು ಸಲ ಕೂಗಿದೆ. ನಾಯಿ ಬೊಗಳ್ತಾನೇ ಇತ್ತು, ಕೇಳಿಸ್ಲಿಲ್ಲ. ಓಡಿ ಹೋಗಿ ಕರೀಬೇಕು ಅಂತ ಕೆಳಗಿಳಿದೆ. ಆವಾಗಲೇ ಎಡವಿ ಬಿದ್ದೆ, ಫೋನ್ ಎಲ್ಲಿ ಹೋತೋ.”

ನಾನು ತಿರುಗಿ ನೋಡಿದೆ. ದಿಬ್ಬದ ಮೇಲಿನಿಂದ ಮೋರಿ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಕೂಗಳತೆ ಇರಬಹುದು. ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು.

ಆ ಹೊತ್ತಿಗೆ ನಾನು ಅವನನ್ನು ಕೇಳಲು ಇದ್ದ ಪ್ರಶ್ನೆಯೆಲ್ಲ ಹೋಯಿತು. ಒಂದು ಉಳಿದಿತ್ತು.

“ಅವರು ಏನಾದ್ರೂ ಮಾತಾಡಿದ್ರಾ?”

“ಆಡಿದ್ರೀ,” ಅಂದ. ಕಣ್ಣೊರೆಸಿಕೊಂಡು, ಮಾತು ತಪ್ಪಬಾರದು ಅಂತಲೋ ಏನೋ, ಒಂದೊಂದಾಗಿ ಹೇಳಿದ. “ಮೋರಿ ಹತ್ರ ಯಾರೋ ಅಜ್ಜಿ ಕೂತಿದಾರೆ, ಕರ್ಕೊಂಡು ಬರ್ತೀನಿ ಅಂದೆ. ಅವರು ನಕ್ಕಂಗೆ ಮಾಡಿದ್ರು. ‘ಅವಳು ನಮ್ಮನೇವ್ಳು. ಮೊಣಕಾಲು ನೋವು ಅವಳಿಗೆ, ಓಡಿಸಬ್ಯಾಡ. ಕೂತು ಬರ್ಲಿ’ ಅಂದ್ರು. ಆಮೇಲೆ ‘ಕುರಿ ರಸ್ತೆ ಬಿಟ್ಟಾವೇನು ನೋಡು’ ಅಂದ್ರು. ನಾನು ಹೋಗಿ ಕುರಿ ಕೆಳಗೆ ಹೊಡೆದೆ. ತಿರುಗಿ ಬಂದಾಗ ಕಣ್ಣು ಮುಚ್ಚಿದ್ರು. ಉಸಿರು ಇತ್ತು. ನೀವು ಇನ್ನೇನು ಬರ್ತೀರಿ ಅಂತ… ನಂಗೆ ಹೆದರಿಕೆ ಆತ್ರೀ. ಕಾರು ಹತ್ತಿ ಬಂದ ದಾರೀಲೇ ಹೋಗಿಬಿಟ್ಟೆ.”

ಅವನು ಅಲ್ಲೇ ಕುಸಿದು ಕೂತು ಅತ್ತ. ತಾಯಿ ಅವನನ್ನು ಮುಟ್ಟಲಿಲ್ಲ, ಬಿಟ್ಟು ದೂರವೂ ಸರಿಯಲಿಲ್ಲ. ನನಗೆ ಅಳು ಬರಲಿಲ್ಲ. ‘ಕೂತು ಬರ್ಲಿ’ ಅನ್ನುವಾಗ ಅವರ ದನಿ ಹೇ​ಗಿರುತ್ತದೆ ಅಂತ ನನಗೆ ಗೊತ್ತು. ದಿನಾ ಸಂಜೆ ಯತೀಶನಿಗೆ ಹಾಗೇ ಅನ್ನುತ್ತಿದ್ದರು. ದೊಡ್ಡವ್ವನನ್ನ ಅವಸರ ಮಾಡಬ್ಯಾಡ, ಕೂತು ಬರ್ಲಿ.

ಆ ಹೊತ್ತಿನಲ್ಲಿ ಮೋರಿಯ ಮೇಲೆ ಒಬ್ಬಳು ಕೂತಿದ್ದಳು, ಎಲೆ ಹಾಕಿಕೊಳ್ಳುತ್ತಿದ್ದಳು ಅನ್ನುವುದು ನನ್ನನ್ನು ಬಿಟ್ಟರೆ ಲೋಕದಲ್ಲಿ ಇನ್ನೊಬ್ಬರಿಗೆ ಗೊತ್ತಿರಲು ಸಾಧ್ಯವಿಲ್ಲ. ಇದಕ್ಕಿಂತ ಸರಿಯಾದ ಗುರುತನ್ನು ಯಾರೂ ಯಾವ ಕುರಿಗೂ ಹೇಳಿರಲಾರರು.

ಫೋನನ್ನು ಅವನ ಮುಂದೆ ಹಿಡಿದೆ. ಬೇಡ ಅಂತ ತಲೆ ಅಲ್ಲಾಡಿಸಿದ.

“ಗುರುತು ಹೇಳಿದೀಯ. ಇನ್ನು ನಾನು ಇಟ್ಕೊಳ್ಳೋ ಹಾಗಿಲ್ಲ. ತಗೋ.”

ಎರಡೂ ಕೈ ಚಾಚಿ, ಪ್ರಸಾದ ಇಸಿದುಕೊಳ್ಳುವವನ ಹಾಗೆ ತೆಗೆದುಕೊಂಡ.

ಇಲ್ಲಿಂದ ಸ್ಟೇಷನ್ನಿಗೇ ಹೋಗುತ್ತೇವೆ ಅಂತ ಅಕ್ಕನಾಗಮ್ಮನವರು ಹೇಳಿದರು. ನಾನು ಹೋಗಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹೋದರು. ಕೇಸು ನಡೆಯಿತು. ಆ ಫೋನನ್ನು ಸಾಕ್ಷಿಗೆಂದು ಅಲ್ಲಿಯೇ ಇಟ್ಟುಕೊಂಡರಂತೆ. ಅಂತೂ ಅವನ ವಸ್ತು ಅವನ ಜೇಬಿಗೆ ತಿರುಗಿ ಹೋಗಲೇ ಇಲ್ಲ.

ಟವೆಲ್ಲು ನನ್ನ ಹತ್ತಿರವೇ ಇದೆ. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ.

ಯತೀಶನಿಗೆ ಅವತ್ತೇ ಸಂಜೆ ಮೋರಿಯ ವಿಷಯ ಹೇಳಿದೆ. ಎಲೆ ಹಾಕಿದ್ದು, ನಾಯಿ ಬೊಗಳಿದ್ದು, ಎಲ್ಲ. ಅವನು ಬಹಳ ಹೊತ್ತು ಮರಿಯ ಕಾಲಿಗೆ ಹಗ್ಗ ಕಟ್ಟುತ್ತಾ ಬಿಚ್ಚುತ್ತಾ ಕೂತಿದ್ದ. ಆಮೇಲೆ, ಊಟ ಮಾಡು ದೊಡ್ಡವ್ವ ಅಂದ.

ಮರುವರ್ಷವೂ ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋದೆವು. ಮುಂದೆ ಯತೀಶ, ನಡುವೆ ಕುರಿ, ಹಿಂದೆ ನಾನು. ಮೋರಿ ಬಂದಾಗ ನಿಲ್ಲದೆ ನಡೆದುಬಿಡಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮೊಣಕಾಲು ಕೇಳಲಿಲ್ಲ. ಹೊರೆ ಇಳಿಸಿ ಕೂತೆ. ಎಲೆ ಚೀಲ ಬಿಚ್ಚಲಿಲ್ಲ, ಅಷ್ಟೇ. ನಾಯಿ ಬೊಗಳುತ್ತದೆಯೇ ಅಂತ ಕಿವಿಗೊಟ್ಟು ಕೂತಿದ್ದೆ.